ಬಾಚಣಿಗೆಯ ಹಲ್ಲು ಮುರಿಯುವ ಕೂದಲಿಗೆ ಕಂಡೀಷನರ್ ಸ್ನಾನ

ನಿಮ್ಮ ಮನೆಯ ಬಾಚಣಿಗೆಯನ್ನು ಒಮ್ಮೆ ನೋಡಿ. ನಡುವೆ ಎರಡು ಹಲ್ಲು ಮುರಿದಿವೆಯೆ? ತಲೆಗೆ ನೀರು ಹಾಕಿಕೊಂಡ ದಿನ ಸಿಕ್ಕು ಬಿಡಿಸುವುದಕ್ಕೇ ಅರ್ಧ ಗಂಟೆ ಹೋಗುತ್ತದೆಯೆ? ಒಣಗಿದ ಮೇಲೆ ಕೂದಲು ತೆಂಗಿನ ನಾರಿನ ಹಾಗೆ ಎದ್ದು ನಿಲ್ಲುತ್ತದೆಯೆ? ಹಾಗಿದ್ದರೆ ಈ ಲೇಖನ ನಿಮಗಾಗಿ. ನನ್ನದೂ ಅದೇ ಜಾತಿಯ ಕೂದಲು. ಚಿಕ್ಕಂದಿನಲ್ಲಿ ನನಗೆ ಜಡೆ ಹೆಣೆಯುವ ಹೊತ್ತು ಬಂತೆಂದರೆ ಮನೆಯಲ್ಲಿ ಎಲ್ಲರಿಗೂ ಏನಾದರೊಂದು ತುರ್ತು ಕೆಲಸ ನೆನಪಾಗುತ್ತಿತ್ತು.

ಇಂಥ ಕೂದಲನ್ನು ಶಾಂಪೂ ಮುಟ್ಟದೆ, ಬರೀ ಕಂಡೀಷನರ್ ಹಾಕಿ ತೊಳೆಯುವ ಒಂದು ಕ್ರಮವಿದೆ. ಅದಕ್ಕೆ ‘ಕೋ-ವಾಶ್’ ಎನ್ನುತ್ತಾರೆ. ಕಂಡೀಷನರ್ ಎಂಬ ಪದದ ಮೊದಲ ತುಂಡನ್ನು ವಾಶ್‌ಗೆ ಅಂಟಿಸಿದ ಹೆಸರು, ಅಷ್ಟೆ. ಬಿಗಿ ಗುಂಗುರಿನ, ಬೇಗ ಒಣಗುವ ಕೂದಲಿನ ಅಮೆರಿಕದ ಕಪ್ಪು ಮಹಿಳೆಯರು ಇದನ್ನು ಬಹಳ ಕಾಲದಿಂದ ಮಾಡುತ್ತ ಬಂದಿದ್ದಾರೆ. ಲೊರೇನ್ ಮ್ಯಾಸಿ ಎಂಬ ಕೇಶ ವಿನ್ಯಾಸಕಿ ‘ಕರ್ಲಿ ಗರ್ಲ್’ ಎಂಬ ಪುಸ್ತಕ ಬರೆದ ಮೇಲೆ ಉಳಿದವರಿಗೂ ಇದರ ಪರಿಚಯವಾಯಿತು. ಈಗ ನಮ್ಮ ಊರಿನ ಹೆಣ್ಣುಮಕ್ಕಳೂ ಕೇಳತೊಡಗಿದ್ದಾರೆ. ಪಕ್ಕದ ಮನೆಯ ಹುಡುಗಿ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು, “ಅಕ್ಕಾ, ನೊರೆನೇ ಬರಲ್ಲ, ಅದರಲ್ಲಿ ಕೊಳೆ ಹ್ಯಾಗೆ ಹೋಗತ್ತೆ?” ಎಂದಳು. ಒಳ್ಳೆಯ ಪ್ರಶ್ನೆ. ಮೆಟ್ಟಿಲ ಮೇಲೆ ನಿಂತು ಹೇಳಿ ಮುಗಿಸುವಂಥದ್ದಲ್ಲ.

ಮೊದಲು ನಿಮ್ಮ ಕೂದಲು ಯಾವುದು

‘ದಪ್ಪ ಕೂದಲು’ ಎಂದು ನಾವು ಎರಡು ಬೇರೆ ಸಂಗತಿಗಳಿಗೆ ಹೇಳುತ್ತೇವೆ. ಒಂದೊಂದು ಎಳೆಯೇ ದಪ್ಪಗಿರುವುದು ಒಂದು. ಎಳೆ ತೆಳ್ಳಗಿದ್ದರೂ ತಲೆ ತುಂಬ ಒತ್ತಾಗಿ ಬೆಳೆದಿರುವುದು ಇನ್ನೊಂದು. ಉದುರಿದ ಒಂದು ಕೂದಲನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಹೊರಳಿಸಿ. ಹೊಲಿಗೆ ದಾರದ ಹಾಗೆ ಕೈಗೆ ಸ್ಪಷ್ಟವಾಗಿ ಸಿಕ್ಕಿದರೆ ಎಳೆ ದಪ್ಪ. ಇದೆಯೋ ಇಲ್ಲವೋ ಎನ್ನಿಸಿದರೆ ಎಳೆ ತೆಳು. ಕೋ-ವಾಶ್ ಚೆನ್ನಾಗಿ ಹೊಂದುವುದು ಎಳೆ ದಪ್ಪಗಿದ್ದು, ಒಣಗಿದಂತಿರುವ ಅಥವಾ ಗುಂಗುರಾದ ಕೂದಲಿಗೆ. ತೆಳು ಎಳೆಯವರು ಮಾಡಿದರೆ ಎರಡೇ ದಿನಕ್ಕೆ ಕೂದಲು ಜೋತುಬಿದ್ದು ತಲೆಗೆ ಅಂಟಿಕೊಳ್ಳುತ್ತದೆ.

ಒಣ ಕೂದಲು ಯಾಕೆ ಒಣ? ತಲೆಯ ಚರ್ಮದಲ್ಲಿ ಒಂದೊಂದು ಕೂದಲ ಬುಡಕ್ಕೂ ಎಣ್ಣೆ ಒಸರುವ ಪುಟ್ಟ ಗ್ರಂಥಿಗಳಿವೆ. ಆ ಜಿಡ್ಡಿಗೆ ಸೀಬಮ್ ಎಂದು ಹೆಸರು. ನೇರ ಕೂದಲಿನಲ್ಲಿ ಅದು ಸುಲಭವಾಗಿ ಕೆಳಗಿಳಿಯುತ್ತದೆ. ಗುಂಗುರಿನಲ್ಲಿ ಪ್ರತಿ ತಿರುವಿನಲ್ಲೂ ತಡೆದು ನಿಲ್ಲುತ್ತದೆ. ಉದ್ದ ಕೂದಲಾದರಂತೂ ತುದಿಗೆ ತಲುಪುವುದೇ ಇಲ್ಲ. ಇನ್ನೊಂದು ಲೆಕ್ಕ ನೋಡಿ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಸೊಂಟದವರೆಗಿನ 60 ಸೆಂಟಿಮೀಟರ್ ಜಡೆಯ ತುದಿಗೆ ಐದು ವರ್ಷ ವಯಸ್ಸಾಗಿರುತ್ತದೆ! ಐದು ವರ್ಷದ ಬಿಸಿಲು, ಬಾಚಣಿಗೆ, ಬೋರ್‌ವೆಲ್ ನೀರು ಎಲ್ಲವನ್ನೂ ಅದು ತಿಂದಿದೆ. ಬುಡದ ಕೂದಲು ಮೊನ್ನೆ ಹುಟ್ಟಿದ್ದು. ಎರಡಕ್ಕೂ ಒಂದೇ ಉಪಚಾರ ಮಾಡುವುದರಲ್ಲೇ ನಮ್ಮ ತಪ್ಪು ಶುರುವಾಗುತ್ತದೆ. ನೆತ್ತಿಯ ಚರ್ಮಕ್ಕೆ ಜೀವವಿದೆ. ಅಲ್ಲಿ ಬೆವರು, ಜಿಡ್ಡು, ಹೊಟ್ಟು ಎಲ್ಲ ಇರುತ್ತವೆ. ಅದನ್ನು ತೊಳೆಯಬೇಕು. ಜಡೆಗೆ ಜೀವವಿಲ್ಲ, ಹರಿದರೆ ತಾನೇ ಕೂಡಿಕೊಳ್ಳುವುದಿಲ್ಲ. ಅದನ್ನು ಕಾಪಾಡಬೇಕು. ಮುಂದೆ ಹೇಳುವುದೆಲ್ಲ ಈ ಎರಡು ಮಾತಿನ ವಿಸ್ತಾರ.

ಶಾಂಪೂ ಏನು ಮಾಡುತ್ತದೆ, ಕಂಡೀಷನರ್ ಏನು ಮಾಡುತ್ತದೆ

ಕೂದಲ ಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಂಗಳೂರು ಹೆಂಚಿನ ಮಾಡಿನ ಹಾಗೆ ಕಾಣುತ್ತದೆ. ಒಂದರ ಮೇಲೊಂದು ಹೊದ್ದುಕೊಂಡ ಹೊಪ್ಪಳೆಗಳು, ಬುಡದಿಂದ ತುದಿಯ ಕಡೆಗೆ ಇಳಿಜಾರಾಗಿ. ಈ ಪದರಕ್ಕೆ ಕ್ಯೂಟಿಕಲ್ ಎನ್ನುತ್ತಾರೆ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಜಿಡ್ಡಿನ ಲೇಪವಿರುತ್ತದೆ. ಹೊಸ ಕೂದಲು ನುಣುಪಾಗಿರುವುದು ಆ ಲೇಪದಿಂದ. ಬಣ್ಣ, ಬ್ಲೀಚ್, ಬಿಸಿಲು, ಉಜ್ಜಾಟ ಇವುಗಳಿಂದ ಲೇಪ ಸವೆದು ಹೊಪ್ಪಳೆ ಎದ್ದರೆ ಒಂದು ಕೂದಲು ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ. ಸಿಕ್ಕು ಎಂದರೆ ಇದೇ.

ಶಾಂಪೂವಿನಲ್ಲಿ ಕೆಲಸ ಮಾಡುವ ವಸ್ತುವಿಗೆ ಸರ್ಫ್ಯಾಕ್ಟಂಟ್ ಎಂದು ಹೆಸರು. ಅದರ ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ನೀರು ಹರಿದಾಗ ಜಿಡ್ಡೂ ಅದರ ಜೊತೆ ಹೋಗುತ್ತದೆ. ಸಾಮಾನ್ಯ ಶಾಂಪೂಗಳಲ್ಲಿ ಇರುವುದು ಸೋಡಿಯಂ ಲಾರೆತ್ ಸಲ್ಫೇಟ್ ಎಂಬ ಬಲವಾದ ಸರ್ಫ್ಯಾಕ್ಟಂಟ್. ಇದು ಋಣ ವಿದ್ಯುದಂಶದ್ದು. ಇದು ಕೆಟ್ಟದ್ದಲ್ಲ, ಆದರೆ ವಿವೇಚನೆ ಇಲ್ಲದ್ದು. ನೆತ್ತಿಯ ಕೊಳೆ ಜಿಡ್ಡನ್ನೂ ತೆಗೆಯುತ್ತದೆ, ತುದಿಯಲ್ಲಿ ಅಳಿದುಳಿದ ಒಳ್ಳೆಯ ಜಿಡ್ಡನ್ನೂ ತೆಗೆಯುತ್ತದೆ. ನೊರೆ ಎನ್ನುವುದು ಈ ಕೆಲಸದ ಸದ್ದು ಮಾತ್ರ, ಕೆಲಸವಲ್ಲ. ನೊರೆ ಕಡಿಮೆಯಿದ್ದೂ ಚೆನ್ನಾಗಿ ತೊಳೆಯುವ ವಸ್ತುಗಳಿವೆ. ಅಡುಗೆಮನೆಯಲ್ಲಿ ಬೂದಿ ಹಾಕಿ ಪಾತ್ರೆ ತಿಕ್ಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಕಂಡೀಷನರ್. ಇದರಲ್ಲಿ ಬಹುಪಾಲು ನೀರು. ನೀರು ಬಿಟ್ಟರೆ ಮುಖ್ಯವಾದವು ಮೂರು. ಮೊದಲನೆಯದು ಧನ ವಿದ್ಯುದಂಶವಿರುವ ಸರ್ಫ್ಯಾಕ್ಟಂಟ್. ಬೆಹೆನ್‌ಟ್ರೈಮೋನಿಯಂ ಕ್ಲೋರೈಡ್, ಸೆಟ್ರಿಮೋನಿಯಂ ಕ್ಲೋರೈಡ್ ಎಂದು ಇದರ ಹೆಸರುಗಳು. ಒದ್ದೆ ಕೂದಲಿನ ಮೈಗೆ ಋಣ ವಿದ್ಯುದಂಶವಿರುತ್ತದೆ. ಧನ ಋಣ ಒಂದನ್ನೊಂದು ಸೆಳೆಯುತ್ತವೆ. ಹಾಳಾದ ಜಾಗದಲ್ಲಿ ಋಣ ಅಂಶ ಹೆಚ್ಚು. ಹಾಗಾಗಿ ಕಂಡೀಷನರ್ ಎಲ್ಲಿ ಹೆಂಚು ಒಡೆದಿದೆಯೋ ಅಲ್ಲೇ ಹೆಚ್ಚು ಹೋಗಿ ಕೂರುತ್ತದೆ. ಯಾರೂ ದಾರಿ ತೋರಿಸಬೇಕಿಲ್ಲ. ಈ ಸಂಗತಿ ಮೊದಲ ಸಲ ತಿಳಿದಾಗ ನನಗೆ ನಿಜವಾಗಿ ಖುಷಿಯಾಗಿತ್ತು.

ಎರಡನೆಯದು ಸೀಟೈಲ್ ಆಲ್ಕೊಹಾಲ್, ಸೀಟಿಯರೈಲ್ ಆಲ್ಕೊಹಾಲ್ ಎಂಬ ಮೇಣದಂಥ ವಸ್ತುಗಳು. ಆಲ್ಕೊಹಾಲ್ ಎಂದ ಕೂಡಲೇ ಹೆದರಬೇಡಿ. ಇದು ಕೂದಲನ್ನು ಒಣಗಿಸುವ ಸ್ಪಿರಿಟ್ ಅಲ್ಲ. ಕಂಡೀಷನರ್ ಬೆಣ್ಣೆಯ ಹಾಗೆ ಗಟ್ಟಿ ಇರುವುದು ಇದರಿಂದಲೇ. ಮೂರನೆಯದು ಸಿಲಿಕೋನ್, ಕೂದಲಿಗೆ ಹೊಳಪು ಮತ್ತು ಜಾರು ಕೊಡುವ ಪದಾರ್ಥ. ಇದರ ಬಗ್ಗೆ ಮುಂದೆ ಹೇಳುತ್ತೇನೆ.

ಮೊದಲನೆಯ ವಸ್ತುವೂ ಸರ್ಫ್ಯಾಕ್ಟಂಟೇ ಎನ್ನುವುದನ್ನು ಗಮನಿಸಿದಿರಾ? ಪಕ್ಕದ ಮನೆಯ ಹುಡುಗಿಯ ಪ್ರಶ್ನೆಗೆ ಉತ್ತರ ಅಲ್ಲಿದೆ. ಅದೂ ಸ್ವಲ್ಪ ಮಟ್ಟಿಗೆ ಜಿಡ್ಡನ್ನು ಬಿಡಿಸುತ್ತದೆ. ಮೇಣದಂಥ ವಸ್ತುಗಳು ತಲೆಯ ಎಣ್ಣೆಯ ಜೊತೆ ಬೆರೆತು ಅದನ್ನು ಸಡಿಲ ಮಾಡುತ್ತವೆ. ಉಳಿದದ್ದು ನಿಮ್ಮ ಬೆರಳಿನ ಕೆಲಸ. ಕೋ-ವಾಶ್‌ನಲ್ಲಿ ಕೊಳೆ ಹೋಗುವುದು ಬಹುಪಾಲು ಉಜ್ಜುವುದರಿಂದ ಮತ್ತು ಧಾರಾಳ ನೀರಿನಿಂದ. ಹಚ್ಚಿ ಹಾಗೇ ತೊಳೆದುಬಿಟ್ಟರೆ ಏನೂ ಆಗುವುದಿಲ್ಲ.

ನಮ್ಮ ಮಲೆನಾಡಿನ ಕಡೆಯವರಿಗೆ ಇದು ಹೊಸ ವಿದ್ಯೆಯೂ ಅಲ್ಲ. ಅಜ್ಜಿ ದಾಸವಾಳದ ಎಲೆಗಳನ್ನು ನೀರಿನಲ್ಲಿ ಕಿವುಚಿ, ಸೋಸಿ, ಲೋಳೆ ತೆಗೆಯುತ್ತಿದ್ದರು. ಅದಕ್ಕೆ ಗೊಂಪು ಎನ್ನುತ್ತಿದ್ದೆವು. ನೊರೆಯ ಹೆಸರಿಲ್ಲ. ತಲೆಗೆ ಹೊಯ್ದರೆ ಬೆನ್ನ ಮೇಲೆ ಜಾರುತ್ತಿತ್ತು, ಒಂದಿಷ್ಟು ಹೊತ್ತು ತಿಕ್ಕಿ ಮಿಂದರೆ ಕೂದಲು ಕೈಗೆ ಸಿಗದಷ್ಟು ಮೆತ್ತಗಾಗುತ್ತಿತ್ತು. ಎಣ್ಣೆ ಜಾಸ್ತಿಯಾದ ದಿನ ಮಾತ್ರ ಸೀಗೆಪುಡಿ. ಬಯಲುಸೀಮೆಯ ಮನೆಗಳಲ್ಲಿ ಇದೇ ಜಾಗದಲ್ಲಿ ಚಿಗರೆಪುಡಿ ಇತ್ತು. ಮೃದುವಾದದ್ದು ನಿತ್ಯಕ್ಕೆ, ಬಲವಾದದ್ದು ಅಗತ್ಯ ಬಿದ್ದಾಗ ಎಂಬ ಈ ಹಳೆಯ ಲೆಕ್ಕವೇ ಕೋ-ವಾಶ್‌ನ ಲೆಕ್ಕವೂ ಹೌದು.

ಮಾಡುವುದು ಹೇಗೆ

ನೀರು ಹಾಕುವ ಮೊದಲು, ಒಣ ಕೂದಲಿರುವಾಗಲೇ ದೊಡ್ಡ ಗಂಟುಗಳನ್ನು ಬೆರಳಿನಿಂದ ಬಿಡಿಸಿ. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ತಲೆಯನ್ನು ಪೂರ್ತಿ ನೆನೆಸಿ. ದಪ್ಪ ಕೂದಲು ಬೇಗ ನೆನೆಯುವುದಿಲ್ಲ. ಮೇಲೆ ಒದ್ದೆಯಾಗಿ ಒಳಗೆ ಒಣಗೇ ಇರುತ್ತದೆ. ಎರಡು ಮೂರು ನಿಮಿಷ ಬೇಕೇ ಬೇಕು. ಹಂಡೆಯ ಸುಡುಸುಡು ನೀರು ಮೈಗೆ ಹಿತ, ಕೂದಲಿಗೆ ಅಲ್ಲ.

ಈಗ ಒಂದು ದೊಡ್ಡ ಚಮಚದಷ್ಟು ಕಂಡೀಷನರ್ ಅಂಗೈಗೆ ಹಾಕಿಕೊಂಡು ನೆತ್ತಿಗೆ ಹಚ್ಚಿ. ‘ಕಂಡೀಷನರ್ ಬುಡಕ್ಕೆ ತಾಗಿಸಬೇಡಿ’ ಎಂದು ಬಾಟಲಿಯ ಮೇಲೆಯೇ ಬರೆದಿರುತ್ತದಲ್ಲ ಎನ್ನುತ್ತೀರಿ. ಅದು ಶಾಂಪೂ ಹಾಕಿ ಕೊಳೆ ತೆಗೆದಾದ ಮೇಲೆ ಹಚ್ಚುವವರಿಗೆ ಹೇಳಿದ್ದು. ಇಲ್ಲಿ ತೊಳೆಯುವುದೇ ಅದರಿಂದ, ಹಾಗಾಗಿ ಬುಡಕ್ಕೆ ಹೋಗಬೇಕು. ಉಗುರು ತಾಗಿಸದೆ ಬೆರಳ ತುದಿಯ ಮೆತ್ತೆಯಿಂದ ಹಣೆಯ ಅಂಚು, ಕಿವಿಯ ಹಿಂದೆ, ಹೆಡತಲೆ ಎಲ್ಲ ಕಡೆ ಮೂರು ನಾಲ್ಕು ನಿಮಿಷ ಉಜ್ಜಿ. ಗಡಿಯಾರ ನೋಡಿ ಉಜ್ಜಿ. ನಮಗೆ ಅನ್ನಿಸುವ ನಾಲ್ಕು ನಿಮಿಷ ಸಾಮಾನ್ಯವಾಗಿ ಒಂದು ನಿಮಿಷವಾಗಿರುತ್ತದೆ. ಬಳಿಕ ಚೆನ್ನಾಗಿ ನೀರು ಹೊಯ್ದು ನೆತ್ತಿಯನ್ನು ತೊಳೆಯಿರಿ. ಬೆರಳು ತಾಗಿಸಿದರೆ ಬುಡ ಜಾರಬಾರದು.

ಎರಡನೆಯ ಸುತ್ತು ಉದ್ದಕ್ಕೆ. ಕೂದಲನ್ನು ನಾಲ್ಕು ಪಾಲು ಮಾಡಿ ಒಂದೊಂದಕ್ಕೂ ಕಿವಿಯಿಂದ ಕೆಳಗೆ ಧಾರಾಳವಾಗಿ ಹಚ್ಚಿ. ಭುಜದವರೆಗಿನ ಕೂದಲಿಗೆ ಎಲ್ಲ ಸೇರಿ ಎರಡು ದೊಡ್ಡ ಚಮಚ, ಅಂದರೆ 30 ಮಿಲಿಲೀಟರ್ ಆಗಬಹುದು. ಸೊಂಟದವರೆಗಿದ್ದರೆ ನಾಲ್ಕು ಚಮಚ. ಅಗಲ ಹಲ್ಲಿನ ಬಾಚಣಿಗೆ ತೆಗೆದುಕೊಂಡು ಮೊದಲು ತುದಿ, ಆಮೇಲೆ ಅದರ ಮೇಲಿನ ಗೇಣು, ಹೀಗೆ ಮೇಲಕ್ಕೆ ಹೋಗಿ. ಬುಡದಿಂದ ಎಳೆದರೆ ಸಿಕ್ಕೆಲ್ಲ ತುದಿಗೆ ಬಂದು ಗಂಟಾಗುತ್ತದೆ. ಇಲ್ಲೊಂದು ಎಚ್ಚರಿಕೆ. ನೀರು ಹೀರಿದ ಕೂದಲು ಸುಮಾರು ಶೇ 15ರಷ್ಟು ಉಬ್ಬುತ್ತದೆ, ಒಣಗಿದ್ದಾಗ ಇರುವ ಬಲ ಆಗ ಇರುವುದಿಲ್ಲ. ಬರೀ ಒದ್ದೆ ಕೂದಲನ್ನು ಬಾಚಿದರೆ ರಬ್ಬರಿನ ಹಾಗೆ ಹಿಗ್ಗಿ ತುಂಡಾಗುತ್ತದೆ. ಕಂಡೀಷನರ್ ಮೆತ್ತಿಕೊಂಡಿರುವಾಗ ಬಾಚಣಿಗೆ ಜಾರುವುದರಿಂದ ಎಳೆತ ಕಡಿಮೆ. ಹಾಗಾಗಿ ಬಾಚುವುದಿದ್ದರೆ ಈಗಲೇ ಬಾಚಿ ಮುಗಿಸಿ.

ಐದು ನಿಮಿಷ ಬಿಟ್ಟು ತೊಳೆಯಿರಿ. ಅರ್ಧ ಗಂಟೆ ಬಿಟ್ಟರೆ ಹೆಚ್ಚು ಮೆತ್ತಗಾಗುತ್ತದೆಯೆ? ಇಲ್ಲ. ಅಂಟಿಕೊಳ್ಳಬೇಕಾದದ್ದು ಮೊದಲ ಕೆಲವು ನಿಮಿಷಗಳಲ್ಲೇ ಅಂಟಿಕೊಂಡಿರುತ್ತದೆ. ಉಳಿದ ಹೊತ್ತಿನಲ್ಲಿ ನೀವು ಚಳಿಯಲ್ಲಿ ನಡುಗುತ್ತೀರಿ, ಅಷ್ಟೆ. ಕೂದಲನ್ನು ಕೊನೆಯ ಸಲ ತೊಳೆಯುವಾಗ ತುದಿಯಲ್ಲಿ ಚೂರು ಜಾರು ಉಳಿದರೆ ಅಡ್ಡಿಯಿಲ್ಲ. ಆದರೆ ಹಣೆ, ಕತ್ತು, ಬೆನ್ನನ್ನು ಕೊನೆಗೆ ಸೋಪು ಹಚ್ಚಿ ತೊಳೆದುಕೊಳ್ಳಿ. ಅಲ್ಲಿ ಕಂಡೀಷನರ್ ಉಳಿದರೆ ಕೆಲವರಿಗೆ ಮೊಡವೆ ಏಳುತ್ತದೆ.

ಒರೆಸುವುದಕ್ಕೆ ಒರಟು ಟರ್ಕಿ ಟವೆಲ್ ಬೇಡ. ಹಳೆಯ ಹತ್ತಿ ಪಂಚೆ ಅಥವಾ ಬೈರಾಸು ಸಾಕು. ತಿಕ್ಕಬೇಡಿ, ಒತ್ತಿ ಹಿಂಡಿ. ಬೈರಾಸಿನಲ್ಲಿ ಸುತ್ತಿ ಹತ್ತು ನಿಮಿಷ ಬಿಟ್ಟು ಬಿಚ್ಚಿ ಗಾಳಿಗೆ ಒಣಗಿಸಿ. ದಪ್ಪ ಕೂದಲು ಒಣಗಲು ಎರಡು ಮೂರು ಗಂಟೆ ಬೇಕು; ಒದ್ದೆಯಲ್ಲೇ ಬಿಗಿಯಾಗಿ ಜಡೆ ಹಾಕಿದರೆ ವಾಸನೆ ಬರುತ್ತದೆ. ಸಾಂಬ್ರಾಣಿ ಹೊಗೆ ಹಾಕಿಕೊಳ್ಳುವ ಅಭ್ಯಾಸವಿದ್ದರೆ ಕೆಂಡದಿಂದ ಒಂದು ಮೊಳ ದೂರವಿರಲಿ.

ಎಣ್ಣೆ ಹಚ್ಚುವವರಿಗೆ

ನಮ್ಮಲ್ಲಿ ಎಲ್ಲರೂ ಕೇಳುವುದು ಇದನ್ನೇ: ಎಣ್ಣೆ ಹಚ್ಚಿದ ತಲೆ ಬರೀ ಕಂಡೀಷನರ್‌ನಲ್ಲಿ ಹೋಗುತ್ತದೆಯೆ? ಅಮೆರಿಕದ ಪುಸ್ತಕಗಳಲ್ಲಿ ಇದಕ್ಕೆ ಉತ್ತರ ಹುಡುಕಿದರೆ ಸಿಗುವುದಿಲ್ಲ. ಅವರಿಗೆ ಹಬ್ಬದ ಎಣ್ಣೆನೀರು ಗೊತ್ತಿಲ್ಲವಲ್ಲ.

ಅರ್ಧ ಚಮಚ ಕೊಬ್ಬರಿ ಎಣ್ಣೆಯಾದರೆ ಹೋಗುತ್ತದೆ. ಆದರೆ ಒಂದು ಉಪಾಯ ಮಾಡಬೇಕು. ನೀರು ಹಾಕುವ ಮೊದಲೇ, ಎಣ್ಣೆ ಇರುವ ಒಣ ಕೂದಲಿಗೇ ಕಂಡೀಷನರ್ ಹಚ್ಚಿ ಐದು ನಿಮಿಷ ಬಿಡಿ. ಆಗ ಎಣ್ಣೆ ನೇರವಾಗಿ ಕಂಡೀಷನರ್ ಜೊತೆ ಬೆರೆಯುತ್ತದೆ. ಆಮೇಲೆ ನೀರು ಹಾಕಿದರೆ ಹಾಲಿನಂತೆ ಬೆಳ್ಳಗಾಗಿ ಇಳಿದುಹೋಗುತ್ತದೆ. ಮೊದಲು ನೀರು ಹಾಕಿಬಿಟ್ಟರೆ ನೀರು ಎಣ್ಣೆಯ ಮೇಲೆ ನಿಲ್ಲುತ್ತದೆ, ಕಂಡೀಷನರ್ ಒಳಗೆ ಹೋಗುವುದಿಲ್ಲ. ಹರಳೆಣ್ಣೆ ಅಥವಾ ತಲೆಯಿಂದ ಇಳಿಯುವಷ್ಟು ಎಣ್ಣೆ ಹಚ್ಚಿದ್ದರೆ ಈ ಉಪಾಯ ನಡೆಯುವುದಿಲ್ಲ. ಆ ದಿನ ಸೀಗೆಪುಡಿಯೋ ಶಾಂಪೂವೋ ಬೇಕು.

ಎಣ್ಣೆಯನ್ನೇ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. 2003ರಲ್ಲಿ ಭಾರತದ ಇಬ್ಬರು ವಿಜ್ಞಾನಿಗಳು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲ ಮೂರನ್ನೂ ಹೋಲಿಸಿ ನೋಡಿದ್ದರು. ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ನಷ್ಟವಾಗುವುದನ್ನು ತಡೆದದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲದ ಕಣ ಚಿಕ್ಕದು, ನೇರವಾದದ್ದು. ಕೂದಲ ಒಳಗೆ ಇಳಿಯಬಲ್ಲದು. ಅಂದರೆ ಎಣ್ಣೆಯ ಉಪಯೋಗ ಇರುವುದು ಮೀಯುವ ಮೊದಲು, ತೆಳುವಾಗಿ, ಉದ್ದಕ್ಕೆ ಹಚ್ಚಿದಾಗ. ನೆತ್ತಿಗೆ ಬಟ್ಟಲುಗಟ್ಟಲೆ ತಟ್ಟಿದರೆ ಅದು ತಿಕ್ಕುವವರ ತೋಳಿಗೆ ವ್ಯಾಯಾಮ.

ನೀರು ಗಡಸಾದರೆ

ಇಷ್ಟೆಲ್ಲ ಮಾಡಿಯೂ ಕೂದಲು ಒರಟಾಗೇ ಇದ್ದರೆ ತಪ್ಪು ನೀರಿನದ್ದಿರಬಹುದು. ಊರಿಂದ ಬೆಂಗಳೂರಿಗೆ ಬಂದು ಬಾಡಿಗೆ ಮನೆ ಹಿಡಿದವರಲ್ಲಿ ಹಲವರು ಮೊದಲ ಮೂರು ತಿಂಗಳಲ್ಲಿ ಹೇಳುವ ದೂರು ಇದು. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಹೆಚ್ಚಿದ್ದರೆ ಅದನ್ನು ಗಡಸು ನೀರು ಎನ್ನುತ್ತೇವೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಒಪ್ಪುವಂಥದ್ದು. ಬೇರೆ ನೀರಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ, ಶವರ್ ತೂತು ಮುಚ್ಚುವುದು, ಸೋಪು ನೊರೆ ಕೊಡದೆ ಮೊಸರಿನಂತೆ ಒಡೆಯುವುದು ಇದರ ಗುರುತು. ಅದೇ ಪೊರೆ ಕೂದಲ ಮೇಲೂ ಕೂರುತ್ತದೆ. ಇಂಥ ನೀರಿನಲ್ಲಿ ತಲೆಗೆ ಸೋಪು ಹಚ್ಚುವುದನ್ನಂತೂ ಖಂಡಿತ ಬಿಡಿ.

ನಲ್ಲಿಗೆ ಸಿಕ್ಕಿಸುವ ಚಿಕ್ಕ ಫಿಲ್ಟರ್ ಮರಳು, ಕ್ಲೋರಿನ್ ತಡೆದೀತು, ಗಡಸುತನವನ್ನು ತೆಗೆಯುವುದಿಲ್ಲ. ಅದಕ್ಕೆ ರೆಸಿನ್ ಇರುವ, ಆಗಾಗ ಉಪ್ಪು ಹಾಕಬೇಕಾದ ವಾಟರ್ ಸಾಫ್ಟನರ್ ಬೇಕು. ಅಷ್ಟು ಖರ್ಚು ಬೇಡವೆಂದರೆ ತಲೆಗೆ ಹೊಯ್ಯುವ ಕೊನೆಯ ಎರಡು ಚೆಂಬು ಮಾತ್ರ ಕಾವೇರಿ ನೀರೋ ಮಳೆ ನೀರೋ ಇರಲಿ. ಒಂದು ತಪ್ಪನ್ನು ಮಾತ್ರ ಮಾಡಬೇಡಿ. ಆರ್‌ಓ ಯಂತ್ರದಿಂದ ಹೊರಬೀಳುವ ನೀರನ್ನು ಉಳಿತಾಯವೆಂದು ತಲೆಸ್ನಾನಕ್ಕೆ ಹಿಡಿಯುವವರಿದ್ದಾರೆ. ಅದರಲ್ಲಿ ಲವಣ ಮೂಲ ನೀರಿಗಿಂತ ಹೆಚ್ಚು. ನೆಲ ಒರೆಸಲು ಇಟ್ಟುಕೊಳ್ಳಿ.

ಯಾವುದನ್ನು ಕೊಳ್ಳಬೇಕು, ಎಷ್ಟಾಗುತ್ತದೆ

ಬಾಟಲಿಯನ್ನು ತಿರುಗಿಸಿ ಹಿಂಬದಿಯ ಪಟ್ಟಿ ಓದಿ. ಅಕ್ಷರ ಸಣ್ಣದು, ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿಕೊಳ್ಳಿ. ಹೆಚ್ಚು ಪ್ರಮಾಣದಲ್ಲಿರುವುದು ಮೊದಲು ಬರುತ್ತದೆ. ‘ಕೋನ್’ ಎಂದು ಮುಗಿಯುವ ಹೆಸರು, ಉದಾಹರಣೆಗೆ ಡೈಮೆಥಿಕೋನ್, ಕಂಡರೆ ಅದು ಸಿಲಿಕೋನ್. ವಾರಕ್ಕೊಮ್ಮೆಯಾದರೂ ಶಾಂಪೂ ಹಾಕುವವರಿಗೆ ಇದರಿಂದ ತೊಂದರೆಯಿಲ್ಲ; ನನ್ನ ಪ್ರಕಾರ ಸಿಲಿಕೋನ್‌ಗೆ ಇಲ್ಲದ ಕೆಟ್ಟ ಹೆಸರು ಬಂದಿದೆ. ಆದರೆ ಬರೀ ಕಂಡೀಷನರ್‌ನಲ್ಲಿ ತೊಳೆಯುವಾಗ ಡೈಮೆಥಿಕೋನ್ ಸರಿಯಾಗಿ ಹೋಗದೆ ಪದರದ ಮೇಲೆ ಪದರವಾಗಿ ಕೂರುತ್ತದೆ. ಕೋ-ವಾಶ್‌ಗೆ ಅದಿಲ್ಲದ್ದನ್ನು ಆರಿಸಿಕೊಳ್ಳಿ. ‘ಡೀಪ್ ಕಂಡೀಷನರ್’, ‘ಹೇರ್ ಮಾಸ್ಕ್’ ಎಂದು ಬರೆದ ಗಟ್ಟಿ ಡಬ್ಬಿಗಳೂ ಬೇಡ; ಅವು ತೊಳೆಯಲು ತೀರ ಭಾರ. ತೆಳ್ಳಗಿನ, ಅಗ್ಗದ, ಸಾಧಾರಣ ಕಂಡೀಷನರೇ ಈ ಕೆಲಸಕ್ಕೆ ವಾಸಿ.

‘ಕೋ-ವಾಶ್’ ಅಥವಾ ‘ಕ್ಲೆನ್ಸಿಂಗ್ ಕಂಡೀಷನರ್’ ಎಂದೇ ಬರೆದ ಉತ್ಪನ್ನಗಳೂ ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತವೆ. ಇವುಗಳಲ್ಲಿ ಸಾಮಾನ್ಯವಾಗಿ ಚೂರು ಮೃದು ಶಾಂಪೂ ಅಂಶವನ್ನು ಸೇರಿಸಿರುತ್ತಾರೆ. ಒಳ್ಳೆಯವೇ, ಆದರೆ ದುಬಾರಿ.

ಖರ್ಚಿನ ವಿಷಯ ಮುಚ್ಚಿಡುವುದಿಲ್ಲ: ಶಾಂಪೂಗಿಂತ ಇದಕ್ಕೆ ಹೆಚ್ಚಾಗುತ್ತದೆ. 180 ಮಿಲಿಲೀಟರಿನ ಬಾಟಲಿಗೆ ₹200 ಎಂದಿಟ್ಟುಕೊಳ್ಳಿ. ಸೊಂಟದುದ್ದ ಕೂದಲಿಗೆ ಒಂದು ಸಲಕ್ಕೆ 60 ಮಿಲಿಲೀಟರ್ ಬಳಸಿದರೆ ಮೂರು ಸ್ನಾನಕ್ಕೆ ಬಾಟಲಿ ಖಾಲಿ. ಒಂದು ಸಲಕ್ಕೆ ₹67 ಬಿತ್ತು. ವಾರಕ್ಕೆರಡು ಸಲವಾದರೆ ತಿಂಗಳಿಗೆ ₹530ರ ಮೇಲೆ. ಸಲೂನ್‌ಗಳಿಗೆ ಮಾಲು ಕೊಡುವ ಅಂಗಡಿಗಳಲ್ಲಿ ಒಂದು ಲೀಟರಿನ ಪಂಪ್ ಬಾಟಲಿ ಇರುತ್ತದೆ. ಅದು ₹700ಕ್ಕೆ ಸಿಕ್ಕಿದರೆ ಒಂದು ಸಲಕ್ಕೆ ₹42. ಉಳಿಸುವ ಹುಮ್ಮಸ್ಸಿನಲ್ಲಿ ಕಂಡೀಷನರ್‌ಗೆ ನೀರು ಬೆರೆಸಿ ಬಾಟಲಿಯಲ್ಲಿ ಇಟ್ಟುಕೊಳ್ಳಬೇಡಿ. ಅದರಲ್ಲಿರುವ ಕೆಡದಂತೆ ಕಾಯುವ ವಸ್ತು ನೀರಾಗಿಹೋಗಿ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಬೆರೆಸುವುದಿದ್ದರೆ ಆ ದಿನದ್ದಕ್ಕೆ ಮಾತ್ರ, ಚೆಂಬಿನಲ್ಲಿ.

ಮೊದಲ ಸಲವೇ ಬಾಟಲಿ ಕೊಳ್ಳಬೇಡಿ. ಮೆಡಿಕಲ್ ಶಾಪಿನಲ್ಲೋ ಕಿರಾಣಿ ಅಂಗಡಿಯಲ್ಲೋ ಸರದ ಹಾಗೆ ತೂಗುಬಿಟ್ಟ ಸ್ಯಾಶೆ ಇರುತ್ತವಲ್ಲ, ಅವುಗಳಲ್ಲಿ ಏಳೆಂಟು ತನ್ನಿ. ಎರಡು ಸಲ ತೊಳೆದು ನೋಡಿ. ಹೊಂದದಿದ್ದರೆ ನಷ್ಟ ಕೆಲವೇ ರೂಪಾಯಿ. ಗೊಂಪಿನ ದಾರಿ ಹಿಡಿಯುವವರಿಗೆ ಹಿತ್ತಲಿನ ದಾಸವಾಳ ಪುಕ್ಕಟೆ. ಸೀಗೆಕಾಯಿ, ಅಂಟುವಾಳ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತವೆ.

ಎಷ್ಟು ಸಲ, ಯಾರಿಗೆ ಬೇಡ

ವಾರಕ್ಕೆ ಎರಡು ಸಲ ತಲೆಗೆ ನೀರು ಹಾಕುವವರಾದರೆ ಮೂರು ಸಲ ಕಂಡೀಷನರ್, ನಾಲ್ಕನೆಯ ಸಲ ಶಾಂಪೂ. ಇದು ನಾನು ಇಟ್ಟುಕೊಂಡ ಲೆಕ್ಕ. ಶಾಂಪೂವನ್ನು ಪೂರ್ತಿ ಬಿಟ್ಟು ನೋಡಿದ್ದೆ. ಎರಡನೆಯ ತಿಂಗಳಿಗೆ ನೆತ್ತಿ ಕೆರೆಯತೊಡಗಿತು, ಬಾಚಣಿಗೆಯ ಬುಡದಲ್ಲಿ ಬೂದು ಬಣ್ಣದ ಮೇಣ ಸಿಕ್ಕತೊಡಗಿತು. ‘ತಲೆ ಒಗ್ಗಿಕೊಳ್ಳುತ್ತದೆ, ಆಮೇಲೆ ಎಣ್ಣೆ ಸುರಿಸುವುದನ್ನೇ ಕಡಿಮೆ ಮಾಡುತ್ತದೆ’ ಎಂದು ಕೆಲವರು ಹೇಳುತ್ತಾರೆ. ನಂಬಬೇಡಿ. ಎಣ್ಣೆ ಗ್ರಂಥಿಗಳು ಮುಖ್ಯವಾಗಿ ಹಾರ್ಮೋನುಗಳ ಮಾತು ಕೇಳುತ್ತವೆ, ನೀವು ಯಾವ ಬಾಟಲಿ ಹಿಡಿದಿದ್ದೀರಿ ಎಂದು ನೋಡುವುದಿಲ್ಲ.

ತಲೆಹೊಟ್ಟು ಇರುವವರು ಕೋ-ವಾಶ್ ಮಾಡಬಾರದು. ಹೊಟ್ಟಿಗೂ ಮಲಸೇಝಿಯಾ ಎಂಬ ಶಿಲೀಂಧ್ರಕ್ಕೂ ನಂಟಿದೆ. ಅದಕ್ಕೆ ತಲೆಯ ಜಿಡ್ಡೇ ಊಟ. ಹೊಟ್ಟನ್ನು ಒಣ ಚರ್ಮವೆಂದು ತಿಳಿದು ಇನ್ನಷ್ಟು ಎಣ್ಣೆ, ಕಂಡೀಷನರ್ ಹಚ್ಚುವುದು ಅದಕ್ಕೆ ಬಡಿಸಿದಂತೆ. ಅದಕ್ಕೆ ಬೇಕಾದದ್ದು ವೈದ್ಯರು ಹೇಳುವ ಔಷಧಿ ಶಾಂಪೂ. ಜಿಡ್ಡು ನೆತ್ತಿಯವರು, ದಿನವಿಡೀ ಹೆಲ್ಮೆಟ್ಟಿನಲ್ಲಿ ಬೆವರುವವರು, ಈಜುಕೊಳದ ಕ್ಲೋರಿನ್ ನೀರಿಗೆ ಇಳಿಯುವವರು ಇವರಿಗೂ ಇದು ಸಾಲದು. ಅವರಿಗೆ ನಡುದಾರಿಯೊಂದಿದೆ. ಮೊದಲು ಉದ್ದಕ್ಕೆಲ್ಲ ಕಂಡೀಷನರ್ ಹಚ್ಚಿ, ಅದರ ಮೇಲೆ ನೆತ್ತಿಗೆ ಮಾತ್ರ ಶಾಂಪೂ ಹಾಕಿ ಎರಡನ್ನೂ ಒಟ್ಟಿಗೆ ತೊಳೆಯುವುದು. ಶಾಂಪೂ ಕೆಳಗಿಳಿಯುವಾಗ ತುದಿಗಳಿಗೆ ಕಂಡೀಷನರ್ ಕೊಡೆ ಹಿಡಿದಿರುತ್ತದೆ. ಎಲ್ಲರ ಮನೆಯಲ್ಲೂ ನಡೆಯುವ ಕ್ರಮ ಇದೇ ಎಂದು ನನ್ನ ಎಣಿಕೆ.

ಕೂದಲು ಉದುರುತ್ತದೆಯೇ ಎಂಬ ಭಯಕ್ಕೂ ಉತ್ತರ ಹೇಳಬೇಕು. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತವೆ. ಮೂರು ದಿನ ಬಾಚದೆ ಇದ್ದು ತಲೆಗೆ ನೀರು ಹಾಕಿದ ದಿನ ಅಷ್ಟೂ ಒಟ್ಟಿಗೆ ಕೈಗೆ ಬಂದರೆ ಗಾಬರಿಯಾಗುತ್ತದೆ, ಸಹಜ. ಆದರೆ ಅಮೆರಿಕದಲ್ಲಿ ತೊಳೆಯುವ ಕಂಡೀಷನರೊಂದರ ಮೇಲೆ ಕೂದಲು ಉದುರುವಿಕೆ, ತುರಿಕೆಯ ದೂರುಗಳು ಬಂದು 2016ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಎಫ್‌ಡಿಎ ಬಳಕೆದಾರರನ್ನು ಎಚ್ಚರಿಸಿತ್ತು. ತಯಾರಕರಿಗೇ ನೇರವಾಗಿ ಬಂದಿದ್ದ ದೂರುಗಳು 21 ಸಾವಿರಕ್ಕೂ ಹೆಚ್ಚು. ಹಾಗಾಗಿ ನೆತ್ತಿ ಉರಿದರೆ, ಕೆರೆದರೆ, ಬೈತಲೆ ಅಗಲವಾದಂತೆ ಕಂಡರೆ ‘ಇನ್ನೊಂದು ವಾರ ನೋಡೋಣ’ ಎನ್ನದೆ ನಿಲ್ಲಿಸಿ. ಮೊದಲು ಚೆನ್ನಾಗಿದ್ದ ಕೂದಲು ಕೆಲವೇ ತಿಂಗಳಲ್ಲಿ ಒರಟಾಗಿ, ಜೊತೆಗೆ ಸುಸ್ತು, ತೂಕ ಏರಿಕೆಯೂ ಇದ್ದರೆ ಕಂಡೀಷನರ್ ಹುಡುಕುವ ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಇನ್ನೊಂದು ಉಪಯೋಗವೂ ಇದೆ. ಒದ್ದೆ ತಲೆಗೆ ಕಂಡೀಷನರ್ ದಪ್ಪಗೆ ಹಚ್ಚಿದರೆ ಹೇನುಗಳಿಗೆ ಓಡಲಾಗುವುದಿಲ್ಲ. ಸೀರಣಿಗೆಯಿಂದ ಬುಡದಿಂದ ತುದಿಯವರೆಗೆ ಬಾಚಿ, ಪ್ರತಿ ಸಲ ಬಿಳಿ ಬಟ್ಟೆಗೆ ಒರೆಸಿ ನೋಡಿ. ಸೀರು ಒಡೆದು ಮತ್ತೆ ಹೇನಾಗುವುದರಿಂದ ಮೂರು ನಾಲ್ಕು ದಿನಕ್ಕೊಮ್ಮೆ, ಎರಡು ವಾರ ಬಿಡದೆ ಮಾಡಬೇಕು. ಮಗು ಅಳದೆ ಕೂರುತ್ತದೆ, ಅದೇ ದೊಡ್ಡ ಲಾಭ.

ಕೊನೆಯದಾಗಿ, ಬಚ್ಚಲಿನಿಂದ ಹೊರಗೆ ಬರುವ ಮೊದಲು ನೆಲಕ್ಕೆ ಸೋಪಿನ ಪುಡಿ ಉದುರಿಸಿ ಪೊರಕೆಯಿಂದ ಒಮ್ಮೆ ತಿಕ್ಕಿ, ಎರಡು ಬಕೆಟ್ ನೀರು ಹೊಯ್ಯಿರಿ. ಕೂದಲನ್ನು ಜಾರುವಂತೆ ಮಾಡುವ ವಸ್ತು ರೆಡ್ ಆಕ್ಸೈಡ್ ನೆಲವನ್ನೂ ಟೈಲ್ಸನ್ನೂ ಹಾಗೇ ಮಾಡುತ್ತದೆ. ನಿಮ್ಮ ನಂತರ ಸ್ನಾನಕ್ಕೆ ಹೋಗುವವರು ಅತ್ತೆಯೋ ಅಜ್ಜನೋ ಆಗಿರಬಹುದು.